ನಲವತ್ತನೆಯ ಮನೆ

ಬೈಲಹೊಂಗಲದ ಕಾಲೇಜಿನಲ್ಲಿ ಸಮಾಜಕಾರ್ಯ ಓದುವ ನನಗೆ ಕೊನೆಯ ಸೆಮಿಸ್ಟರ್‌ನಲ್ಲಿ ಸಿಕ್ಕ ಇಂಟರ್ನ್‌ಶಿಪ್ಪಿನ ವಿಷಯ ‘ಧರ್ಮಗಳ ನಡುವಿನ ಸಂಬಂಧ’. ಸಂಸ್ಥೆಯವರು ನಲವತ್ತು ಫಾರ್ಮು, ಒಂದು ನೀರಿನ ಬಾಟಲಿ, ಒಂದು ಟೋಪಿ ಕೊಟ್ಟರು. ನಲವತ್ತು ಮನೆಗೆ ಹೋಗಿ ಹದಿನಾಲ್ಕು ಪ್ರಶ್ನೆ ಕೇಳಬೇಕು. ಟೋಪಿಯ ಮೇಲೆ ಎಲ್ಲ ಧರ್ಮಗಳ ಗುರುತು ಬೇರೆ ಬೇರೆ ಬಣ್ಣದಲ್ಲಿದ್ದವು. ಎರಡನೇ ದಿನದ ಬೆವರಿಗೆ ಅವೆಲ್ಲ ಒಂದಾದವು.

ಮನೋಳಿಯಲ್ಲಿ ಹಿಂದೂ, ಮುಸ್ಲಿಂ, ಜೈನ ಎಂದು ಮೂವತ್ತೊಂಬತ್ತು ಮನೆ ಮುಗಿಸಿದೆ. ಎಲ್ಲರೂ ಹೇಳಿದ್ದು ಒಂದೇ. “ನಮ್ಮೂರಾಗ ಭೇದಭಾವ ಇಲ್ಲರಿ ಬಾಯಾರ, ಎಲ್ಲಾರೂ ಅಣ್ಣತಮ್ಮರಂಗ ಅದೀವಿ” ಎಂದರು ಸೋಮಪ್ಪ ಎಂಬ ಹಿರಿಯರು. ಆಮೇಲೆ ನನ್ನ ಅಡ್ಡಹೆಸರು ಕೇಳಿದರು. ಕೇಳಿ, ನನಗೆ ಹೋಟೆಲಿನಿಂದ ಕಾಗದದ ಕಪ್ಪಿನಲ್ಲಿ ಚಹಾ ತರಿಸಿದರು. ಮನೆಯವರು ಸ್ಟೀಲ್ ಲೋಟದಲ್ಲಿ ಕುಡಿದರು. ‘ಇತರರೊಂದಿಗೆ ಕೂಡಿ ತಿನ್ನುವಿರಾ, ಕುಡಿಯುವಿರಾ?’ ಎಂಬ ಏಳನೇ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದೆ. ಕೂಡಿಯೇ ಕುಡಿದಿದ್ದೆವಲ್ಲ. ಸಿಟ್ಟು ಬಂದಿತ್ತು, ಆದರೆ ಅದಕ್ಕೆ ಫಾರ್ಮಿನಲ್ಲಿ ಜಾಗವಿರಲಿಲ್ಲ.

ನಮ್ಮ ಗೈಡ್ ಮಂಜುಳಾ ಮೇಡಮ್ ಫಾರ್ಮುಗಳನ್ನು ತಿರುವಿ ಹಾಕಿ ಬೇಜಾರಾದರು. “ಬರೇ ಹೌದು ಹೌದು ಅಂತ ಬರದ್ರ ವರದಿ ಹೆಂಗ ಆಗತೈತಿ ರಂಜನಾ? ಎರಡು ಧರ್ಮದವರು ಹೊಂದಿಕೊಳ್ಳಲಾರದ ಒಂದಾದ್ರೂ ಮನಿ ಹುಡುಕು.”

ಹುಡುಕಲು ಬಹಳ ಕಷ್ಟಪಡಲಿಲ್ಲ. ಕಟಕೋಳದ ಬಸ್ ಹತ್ತಿ ನಮ್ಮ ಮನೆಗೇ ಬಂದೆ.

ಅಪ್ಪ ಭೀಮಶಿಯದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ಎಂಟು ವರ್ಷದ ಹಿಂದೆ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತಗೊಂಡ. ಹಳೆಯ ದೇವರಿಗೆ ಇನ್ನು ಕೈ ಮುಗಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿ ಬಂದು, ಪಡಸಾಲೆಯಲ್ಲಿ ಬುದ್ಧನ ಫೋಟೋ ಹಾಕಿದ. ಅವನ ತಾಯಿ, ಅಂದರೆ ನನ್ನ ಆಯಿ ಶೆಟ್ಟೆವ್ವ, ಸವದತ್ತಿ ಎಲ್ಲಮ್ಮನ ಮೂರ್ತಿ ಕೂರಿಸಿದ ಬುಟ್ಟಿಯನ್ನು ಎದೆಗವಚಿಕೊಂಡು ಹಿಂದಿನ ಕೋಣೆಗೆ ಹೋದಳು. ಅಲ್ಲೇ ಬೇರೆ ಒಲೆ ಹೂಡಿದಳು. ಅಂದಿನಿಂದ ತಾಯಿ ಮಗ ಮಾತಾಡುವುದು ನನ್ನ ಮೂಲಕ.

“ನಿಮ್ಮಪ್ಪಗ ಹೇಳು, ಹಿತ್ತಲದಾಗಿನ ಲೈಟ್ ಹತ್ತಲೊಲ್ದು.”

“ನಿಮ್ಮ ಆಯಿಗಿ ಹೇಳು, ಫ್ಯೂಸ್ ಹೋಗೇತಿ.”

ಇಬ್ಬರ ನಡುವೆ ಆರಡಿ ಅಂತರ. ನಾನು ಕಾಲೇಜಿಗೆ ಹೋದ ದಿನ ಆ ಲೈಟು ಹತ್ತುತ್ತಲೇ ಇರಲಿಲ್ಲ. ನನ್ನ ಅವ್ವ ಇಬ್ಬರ ತಂಟೆಯೂ ಬೇಡವೆಂದು ಬೆಳಿಗ್ಗೆ ಎದ್ದು ಅಂಗನವಾಡಿಗೆ ಹೋಗಿಬಿಡುತ್ತಾಳೆ.

ಭಾರತ ಹುಣ್ಣಿಮೆಗೆ ಆ ಬುಟ್ಟಿಯನ್ನು ಹೊತ್ತು ಸವದತ್ತಿ ಗುಡ್ಡಕ್ಕೆ ಹೋಗಬೇಕು. ನಮ್ಮ ಮನೆತನದಲ್ಲಿ ಅದನ್ನು ತಾಯಿಯ ತಲೆಗೆ ಏರಿಸಬೇಕಾದವನು ಮಗ. ಬೇರೆಯವರ ಕೈ ನಡೆಯುವುದಿಲ್ಲ. ಎಂಟು ಹುಣ್ಣಿಮೆ ಆಯಿ ಮಿಂದು, ಹಸಿರು ಸೀರೆ ಉಟ್ಟು, ಮಧ್ಯಾಹ್ನದವರೆಗೆ ಬುಟ್ಟಿಯ ಮುಂದೆ ಕೂತು, ಆಮೇಲೆ ಸೀರೆ ಮಡಚಿಟ್ಟಿದ್ದಾಳೆ. ಈಗ ಅವಳಿಗೆ ಎಪ್ಪತ್ತಾರು. “ಒಮ್ಮೆ ಹೋಗಿ ಬಂದ್ರ ಸಾಕಿತ್ತವಾ. ಮುಂದಿನ ವರ್ಷ ಈ ಮೊಣಕಾಲು ನನ್ನ ಮಾತು ಕೇಳೂದಿಲ್ಲ” ಎನ್ನುತ್ತಿದ್ದಳು. ಈ ಮಾತನ್ನು ಮಾತ್ರ ಅಪ್ಪನಿಗೆ ಮುಟ್ಟಿಸಬಾರದೆಂದು ಆಣೆ ಹಾಕಿಸಿಕೊಂಡಿದ್ದಳು.

ಫಾರ್ಮು ಹಿಡಿದು ಅವಳ ಮುಂದೆ ಕೂತೆ. ಸರ್ಕಾರದವರು ಬಂದಂತೆ ಸೆರಗು ಸರಿಮಾಡಿಕೊಂಡಳು. ಹನ್ನೊಂದನೇ ಪ್ರಶ್ನೆ: ನಿಮ್ಮ ನಂಬಿಕೆಯನ್ನು ಯಾಕೆ ಬಿಟ್ಟಿಲ್ಲ? ಉತ್ತರಕ್ಕೆ ಒಂದೂವರೆ ಸಾಲು ಜಾಗ.

“ನಿಮ್ಮಪ್ಪ ಐದು ವರ್ಷದಾಂವ ಇದ್ದಾಗ ಜ್ವರ ಬಂದು ಕಣ್ಣು ಮ್ಯಾಲ ಮಾಡಿದ್ದ. ಇವನ್ನ ಉಳಿಸು ತಾಯಿ, ಇಂದ್ರವ್ವನ್ನ ನಿನಗ ಬಿಡತೇನಿ ಅಂತ ಬೇಡಕೊಂಡೆ. ಇಂವ ಎದ್ದು ಕುಂತ. ಆಕಿಗೆ ಮುತ್ತು ಕಟ್ಟಿದ್ವಿ. ಈಗ ನಾ ದೇವೀನ್ನ ಬಿಟ್ರ, ಮಗಳನ್ನ ಸುಮ್ಮಸುಮ್ಮನ ಕಳಕೊಂಡಂಗ ಆಗತೈತಿ. ಬರ್ಕೊ.”

ಇಂದ್ರವ್ವ ಅಪ್ಪನ ಅಕ್ಕ. ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟಾಗ ಅವಳಿಗೆ ಒಂಬತ್ತು, ಸತ್ತಾಗ ಮೂವತ್ತೊಂದು. ಅಪ್ಪ ನಾಗಪುರಕ್ಕೆ ಹೋದದ್ದೇ ಅವಳ ಸಲುವಾಗಿ. ಬಡತನಕ್ಕೆ ಅಂಜಿ ಮಗಳನ್ನು ಬಿಟ್ಟಳೆಂದು ತಾಯಿಯನ್ನು ಅವನು ಕ್ಷಮಿಸಿರಲಿಲ್ಲ. ಹರಕೆ ತನ್ನ ಜ್ವರಕ್ಕೆ ಹೊತ್ತದ್ದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಒಂದೂವರೆ ಸಾಲು ತುಂಬಿಸಿ, ಹಾಳೆಯ ಅಂಚಿಗೂ ಬರೆದೆ.

ಫಾರ್ಮಿನ ನಿಯಮ ಎರಡು. ಉತ್ತರಗಳನ್ನು ಗುಟ್ಟಾಗಿಡಬೇಕು. ಕೊನೆಯ ಪುಟಕ್ಕೆ ಮನೆಯ ಯಜಮಾನರ ಸಹಿ ಹಾಕಿಸಬೇಕು. ಎರಡೂ ನಿಯಮ ಬರೆದವರು ಒಬ್ಬರೇ. ನಾನು ಕೊನೆಯ ಪುಟವನ್ನಷ್ಟೇ ಅಪ್ಪನ ಮುಂದೆ ಹಿಡಿದೆ.

“ಓದಲಾರದ ಸಹಿ ಮಾಡೂದಿಲ್ಲ. ನಮ್ಮ ಮಂದಿ ಹಾಳಾಗಿದ್ದ ಹಂಗ ಸಹಿ ಮಾಡಿ. ಉಳಿದ ಹಾಳಿ ತಾ” ಎಂದ.

ಬಚ್ಚಿಡಬಹುದಿತ್ತು. ಕೊಟ್ಟೆ. ತಪ್ಪು ನನ್ನದೇ, ಮತ್ತು ಅದರ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಅಪ್ಪ ಎಲ್ಲವನ್ನೂ ಒಂದು ಸಲ, ಹನ್ನೊಂದನೆಯದನ್ನು ಎರಡು ಸಲ ಓದಿದ. ಸಹಿ ಮಾಡದೆ ಅಂಗಡಿಗೆ ಹೋದ. ಮೂರು ದಿನ ಒಂದೇ ಮೋಟಾರಿಗೆ ತಂತಿ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ನಾಲ್ಕನೇ ದಿನ ಹುಣ್ಣಿಮೆ. ಆಯಿ ಹಸಿರು ಸೀರೆ ಉಟ್ಟು ಬುಟ್ಟಿಯ ಮುಂದೆ ಕೂತಿದ್ದಳು. ಅಪ್ಪ ಹಿಂದಿನ ಕೋಣೆಯ ಬಾಗಿಲಿಗೆ ಬಂದ. ನಾನು ರೂಢಿಯಂತೆ ನಡುವೆ ನಿಂತೆ. ಅವನು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

“ಅವ್ವಾ, ಅಕ್ಕಗ ಗೊತ್ತಿತ್ತೇನ?”

“ಗೊತ್ತಿತ್ತಪಾ. ನಿನ್ನ ಹಣಿಗಿ ಹಸಿ ಅರಿವಿ ಹಾಕ್ಕೋತ ಆಕೀನ ಕುಂತಿದ್ಲು. ತಮ್ಮ ಉಳೀಲಿ, ನಾ ಹೋಗತೇನಿ ಅಂದ್ಲು.”

ಅಪ್ಪ ಕೈ ಚಾಚಿ ತಾಯಿಯನ್ನು ಎಬ್ಬಿಸಿದ. ಬಗ್ಗಿ ಬುಟ್ಟಿ ಎತ್ತಿ ಅವಳ ತಲೆಯ ಮೇಲಿಟ್ಟ. ದೇವಿಗೆ ಕೈ ಮುಗಿಯಲಿಲ್ಲ, ಪ್ರತಿಜ್ಞೆ ಅಂದರೆ ಪ್ರತಿಜ್ಞೆ. ಬುಟ್ಟಿ ಬಿಟ್ಟ ಕೈಗಳಿಂದ ತಾಯಿಯ ಮುಖ ಹಿಡಿದುಕೊಂಡು, ಐವತ್ತರ ಗಂಡಸು ಸದ್ದು ಮಾಡಿ ಅತ್ತ. ನನಗೂ ತಡೆಯಲಾಗಲಿಲ್ಲ. ತಲೆಯ ಮೇಲೆ ಬುಟ್ಟಿಯಿದ್ದ ಆಯಿಗೆ ಬಗ್ಗಿ ಮಗನನ್ನು ಅಪ್ಪಿಕೊಳ್ಳಲು ಬರುವಂತಿರಲಿಲ್ಲ. ನೆಟ್ಟಗೆ ನಿಂತುಕೊಂಡೇ ಅತ್ತಳು.