ಎಷ್ಟು ಸಲ ಎಂದು ಕೇಳಿದವರು

ಆಗ ನನಗೆ ನಲವತ್ತೇಳು. ಈಗ್ಗೆ ಇಪ್ಪತ್ತೈದು ವರ್ಷದ ಹಿಂದಿನ ಮಾತು. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ಮಷೀನು ಇಟ್ಟುಕೊಂಡು ಕೂರುತ್ತಿದ್ದ ಟೈಪ್ ಸಾಬರ ಎರಡು ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಆ ಎರಡರಲ್ಲೇ ಕುಟ್ಟುತ್ತಿದ್ದರು. ಉಳಿದ ಎಂಟು ಬೆರಳು ಬೀಡಿಗೆ, ಚಹಾಕ್ಕೆ.

ಹೇಳಿದ್ದನ್ನು ಹಾಗೇ ಬರೆಯುವ ಆಸಾಮಿಯಲ್ಲ. ಅಡ್ಡ ಪ್ರಶ್ನೆ ಹಾಕಿ, ಬೈದು, ಆಮೇಲೆ ಹಾಳೆ ಏರಿಸುತ್ತಿದ್ದರು. "ಹಾಳಿ ಪುಕ್ಕಟ ಬರಂಗಿಲ್ಲ, ಮೊದ್ಲ ಬಾಯಾಗ ಬರ್ಲಿ" ಎನ್ನುವರು.

ನನ್ನ ಮಗ ಸಂಡೂರ ಕಡೆ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ. ಗಣಿಯವರು ಕೊಟ್ಟ ಮನೆಯಲ್ಲೇ ಹೆಂಡತಿಯ ಕೈ ಮುರಿಯುವಂತೆ ಹೊಡೆದ. ನಾನೂ ಅಲ್ಲೇ ಇದ್ದೆ. ಸೊಸೆಯ ಅಪ್ಪ ಮಗಳನ್ನು ಹರಪನಹಳ್ಳಿ ಹತ್ತಿರದ ಅರಸೀಕೆರೆಗೆ, ತಮ್ಮ ಮನೆಗೆ ಕರೆದೊಯ್ದು, ಮ್ಯಾನೇಜರಿಗೆ ದೂರು ಕೊಟ್ಟರು. ಮ್ಯಾನೇಜರಿಗೆ ಕನ್ನಡ ಬಾರದು. ನಡೆದದ್ದನ್ನು ತಾಯಿ ಇಂಗ್ಲಿಷಿನಲ್ಲಿ ಬರೆಸಿ ಕೊಡಲಿ, ಅದನ್ನು ನೋಡಿ ಕೆಲಸದಲ್ಲಿ ಇಡುವುದೋ ಬಿಡಿಸುವುದೋ ಹೇಳುತ್ತೇನೆ ಎಂದ. ಮಗ ನನ್ನನ್ನು ಊರಿಗೆ ಕರೆತಂದು ಸಾಬರ ಮುಂದೆ ಕೂರಿಸಿದ.

"ಸಿಟ್ಟಿನಾಗ ಹೆಂಡ್ತೀನ ಹೊಡದ ಅಂತ ಬರೀರಿ" ಎಂದೆ.

"ಎಷ್ಟು ಸಲ?"

"ಹೊಡದ ಅಂದ್ರ ಹೊಡದ. ನಿಮಗ್ಯಾಕ ಸಾಬ್ರ ಆ ಲೆಕ್ಕ?" ಮಗ ನಡುವೆ ಬಾಯಿ ಹಾಕಿದ.

ಸಾಬರು ಅವನ ಕಡೆ ತಿರುಗಲೂ ಇಲ್ಲ. "ನೋಡ್ರಿ ಯವ್ವಾ, ನಮ್ಮ ಮಾತಿನಾಗ ಹೊಡದ ಅಂದ್ರ ಎಲ್ಲಾ ಅದ್ರಾಗ ಬಂತು. ಇಂಗ್ಲಿಷಿನಾಗ ಒಂದು ಏಟು ಕೊಟ್ರ ಹಿಟ್ ಅಂತಾರ. ಮ್ಯಾಲಿಂದ ಮ್ಯಾಲ ಹೊಡೀತಾನ ಇದ್ರ ಬೀಟ್. ಮೊದಲ್ನೇದು ಹಾಕಿದ್ರ ನಿಮ್ಮ ಮಗನ ಕೆಲಸ ಉಳೀಬಹುದು. ನೋಡಿದವ್ರು ನೀವು, ನೀವ ಹೇಳ್ರಿ."

"ಒಂದ ಸಲ ಅನ್ನಬೇ" ಎಂದ ಮಗ. ಅವನ ಕೈ ನನ್ನ ಹೆಗಲ ಮೇಲಿತ್ತು. ಬಿಗಿಯಾಯಿತು.

ಆ ದಿನ ನಾನು ಜೋಳ ಹಸನು ಮಾಡುತ್ತಿದ್ದೆ. "ಅತ್ತೀ, ಬಿಡಸ್ರೀ" ಎಂದು ಸೊಸೆ ಕೂಗುತ್ತಲೇ ಇದ್ದಳು. ಮೊರ ಖಾಲಿಯಾಯಿತು. ಮತ್ತೆ ತುಂಬಿಕೊಂಡೆ. ಅದೂ ಖಾಲಿಯಾಯಿತು. ನಾನು ಏಳಲಿಲ್ಲ.

"ಎರಡ್ನೇದು ಹಾಕ್ರಿ ಸಾಬ್ರ. ನಾ ಎದ್ದು ಬಿಡಿಸ್ಲಿಲ್ಲ, ಅದನ್ನೂ ಹಾಕ್ರಿ."

"ನೀ ತಾಯೇನಬೇ?" ಎಂದು ಮಗ ಬೆಂಚು ಒದ್ದು ಹೋದ. ಸಾಬರು ಆಗ ಹಾಳೆ ಏರಿಸಿದರು. ಮುಗಿದ ಮೇಲೆ ಒಂದು ಪದದ ಕೆಳಗೆ ಉಗುರಿಟ್ಟರು. "ಇದು ಆ ಮಾತು. ಗುರ್ತು ಇಟ್ಕೊಳ್ರಿ, ಯಾರರ ತಿದ್ದಿದ್ರ ತಿಳೀಬೇಕು." ನಾಲ್ಕು ಅಕ್ಷರ. ಇಂಗ್ಲಿಷಿನಲ್ಲಿ ನನಗೆ ಇವತ್ತಿಗೂ ಗುರುತು ಸಿಗುವುದು ಅವಷ್ಟೇ. ಕೆಳಗೆ ನನ್ನ ಹೆಸರು ಗೀಚಿದೆ.

ಸಾಬರು ತೀರಿಹೋಗಿ ಬಹಳ ವರ್ಷವಾಯಿತು. ಕೆಲಸ ಕಳೆದುಕೊಂಡ ಮಗ ನನ್ನ ಸಂಗಡ ಮಾತು ಬಿಟ್ಟಿದ್ದಾನೆ. ಸಾಬರು ಕೇಳದೆ ಕುಟ್ಟಿಬಿಟ್ಟಿದ್ದರೆ ನಾನೂ ಸುಮ್ಮನೆ ಹೆಸರು ಗೀಚಿ ಬರುತ್ತಿದ್ದೆ. ಅವರ ಋಣ ಅಷ್ಟು.

ಬರೆಸಿದ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋಗಿ, ಮ್ಯಾನೇಜರಿಗೆ ಮುಟ್ಟಿಸಲೆಂದು ಆ ಹಾಳೆಯನ್ನು ಬೀಗರ ಕೈಗೆ ಕೊಟ್ಟೆ. ಸೊಸೆ ಹೊರಗೆ ಬರಲಿಲ್ಲ. ಕೂರಿ ಎಂದು ಯಾರೂ ಅನ್ನಲಿಲ್ಲ. ಬಸ್ಸು ತಿರುಗಿ ಬರುವವರೆಗೆ ಅವರ ಅಂಗಳದಲ್ಲೇ ನಿಂತಿದ್ದೆ.