ಮಣ್ಣಗುಡ್ಡದಲ್ಲಿ ರೊಟ್ಟಿಯ ಸದ್ದು

“ಬೆಳಿಗ್ಗೆ ಬೆಳಿಗ್ಗೆ ಎಂತ ಬಡಿಯುದು ಮಾರಾಯ್ರೆ? ಗೋಡೆ ಒಡೆಸ್ತಿದ್ದೀರಾ?”

ಗಂಡನ ವರ್ಗಾವಣೆಯೆಂದು ವಿಜಯಪುರ ಬಿಟ್ಟು ಮಂಗಳೂರಿಗೆ ಬಂದ ಎರಡನೇ ದಿನ, ಮಣ್ಣಗುಡ್ಡದ ಬಾಡಿಗೆ ಫ್ಲ್ಯಾಟಿನ ಬಾಗಿಲು ತೆಗೆದಾಗ ನನಗೆ ಸಿಕ್ಕ ಸ್ವಾಗತ ಇದು. ಬಂದವರು ಕೆಳಗಿನ ಮನೆಯ ಐರಿನ್ ಬಾಯಿ, ನಿವೃತ್ತ ಟೀಚರು. ಹಿಟ್ಟಿನ ಕೈ ತೋರಿಸಿ, “ರೊಟ್ಟಿ ಬಡ್ಯಾಕತ್ತೀನ್ರಿ” ಎಂದೆ.

“ಓ, ಘಟ್ಟದವರಾ!” ಮೂಗು ಮುರಿದು ಇಳಿದುಹೋದರು.

ಘಟ್ಟದವರು ಅಂದರೆ ಘಟ್ಟದ ಮೇಲಿಂದ ಬಂದವರು. ಮಾತು ಸಾದಾ, ವಿಷವೆಲ್ಲ ಅಂದ ಧಾಟಿಯಲ್ಲಿತ್ತು. ನಮ್ಮೂರಲ್ಲಿ ಒಂದು ಮುಂಜಾನೆ ರೊಟ್ಟಿಯ ಸದ್ದು ಕೇಳದಿದ್ದರೆ ಓಣಿಯವರು ಬಂದು, ಆರಾಮಿಲ್ಲೇನು ಎಂದು ವಿಚಾರಿಸುತ್ತಾರೆ. ಇಲ್ಲಿ ಅದೇ ಸದ್ದು ಅಪರಾಧ. ಜಗಳಗಂಟಿ ಎಂದು ತವರಿನಲ್ಲಿ ಹೆಸರು ಮಾಡಿದ ನಾನು, ಇಳಿಯುತ್ತಿದ್ದ ಆ ಬೆನ್ನಿಗೆ “ತಪ್ಪಾತ್ರಿ” ಅಂದುಬಿಟ್ಟೆ! ಒಂಬತ್ತು ವರ್ಷದ ಮಗಳು ಗೌರಿ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಮರುದಿನದಿಂದ ರೊಟ್ಟಿ ಬಡಿಯುವ ಹಲಗೆಯ ಕೆಳಗೆ ಹಳೆ ಸೀರೆಯ ಕೌದಿ ಮಡಚಿ ಹಾಸಿ, ಕಳ್ಳಿಯ ಹಾಗೆ ಮೆಲ್ಲಗೆ ತಟ್ಟಿದೆ. ರೊಟ್ಟಿ ದಪ್ಪ ದಪ್ಪ ಬಂದವು. ವಾರದೊಳಗೆ ಗೌರಿಯ ಡಬ್ಬಿ ತುಂಬಿದಂತೆಯೇ ಶಾಲೆಯಿಂದ ವಾಪಸ್ ಬರತೊಡಗಿತು.

“ನಂಗ ಬ್ರೆಡ್ ಹಾಕವ್ವಾ. ರೊಟ್ಟಿ ಒಯ್ದ್ರ ನಾವು ಘಟ್ಟದವರಂತ ಎಲ್ಲಾರಿಗೂ ಗೊತ್ತಾಗ್ತೈತಿ.”

ಮೈಯೆಲ್ಲ ಉರಿಯಿತು. ನನಗೆ ಅಂದರೆ ನುಂಗಿಕೊಂಡೇನು, ಮಗಳ ತಲೆ ತಗ್ಗಿಸಿದವರನ್ನು ಬಿಟ್ಟೇನೆ? ಕೌದಿ ಎತ್ತಿ ಒಗೆದೆ. ಹಲಗೆಯನ್ನು ಐರಿನ್ ಬಾಯಿಯ ಮಲಗುವ ಕೋಣೆಯ ನೇರ ಮೇಲೆ, ಬರಿ ನೆಲಕ್ಕಿಟ್ಟು, ಆರು ಗಂಟೆಗೇ ಶುರು ಹಚ್ಚಿಕೊಂಡೆ. ಮೂವರಿಗೆ ಹತ್ತು ರೊಟ್ಟಿ ಸಾಕು, ಹದಿನಾರು ಬಡಿದೆ. ಆಹಾ, ಏನು ಸುಖ ಅಂತೀರಿ!

ನಾಲ್ಕನೇ ದಿನ ಗೌರಿ ಕಣ್ಣುಜ್ಜುತ್ತ ಎದ್ದು ಬಂದಳು. “ಅವ್ವಾ, ನೀ ರೊಟ್ಟಿ ಬಡ್ಯಾಕತ್ತಿಯೋ, ಅವರನ್ನ ಬಡ್ಯಾಕತ್ತಿಯೋ?”

ನನ್ನ ಕೈ ನಿಂತಿತು. ಐರಿನ್ ಬಾಯಿ ಅಂದದ್ದು ಒಂದೇ ಮಾತು. ವಾರವಿಡೀ ಕೌದಿ ಹಾಸಿ, ನಮ್ಮ ರೊಟ್ಟಿ ನಾಚಿಕೆಗೇಡು ಎಂದು ಮಗಳಿಗೆ ಪಾಠ ಮಾಡಿದವಳು ನಾನು.

“ಕೌದಿ ಹಾಸಿದ್ದು ನಂದ ತಪ್ಪು” ಎಂದೆ. ಗೌರಿ “ನಂಗೂ ಕಲಿಸು” ಎಂದು ಪಕ್ಕದಲ್ಲಿ ಕೂತಳು. ಅವಳ ಮೊದಲ ರೊಟ್ಟಿ ಅಡ್ಡಾದಿಡ್ಡಿ. ಕೈ ಹಿಡಿದು ತಿದ್ದುವ ಚಟ ನನ್ನದು, ನಾಲಿಗೆ ಕಚ್ಚಿಕೊಂಡೆ. “ಅಂಚು ಹರದಾವ. ನಡುವ ಮಾತ್ರ ನನ್ನ ರೊಟ್ಟಿಗಿಂತ ತೆಳು ಬಂದೈತಿ ನೋಡು” ಎಂದೆ. ನಿಜಕ್ಕೂ ಬಂದಿತ್ತು. ಅದನ್ನೇ ಡಬ್ಬಿಗೆ ಹಾಕಿಕೊಂಡಳು.

ಅಷ್ಟರಲ್ಲಿ ಬೆಲ್ಲು. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ಏಳುವಷ್ಟರಲ್ಲಿ ಗೌರಿ ಬಾಗಿಲು ತೆಗೆದಿದ್ದಳು. “ಇವತ್ತು ನಾನೂ ಬಡಿದೆ ಆಂಟಿ. ನಾಳೆಯೂ ಬಡೀತೇನೆ. ನಾವು ಘಟ್ಟದವರು, ನಮ್ಮಲ್ಲಿ ಹೀಗೇ.”

ಐರಿನ್ ಬಾಯಿ ಅವಳ ಹಿಟ್ಟು ಮೆತ್ತಿದ ಕೈ ನೋಡಿದರು. “ಆರಕ್ಕೆ ಬೇಡ ಮಗಾ. ಏಳಕ್ಕೆ ಬಡಿ, ಆಗ ನಾನು ಇಗರ್ಜಿಯಲ್ಲಿ ಇರ್ತೇನೆ.” ಇಗರ್ಜಿ ಎಂದರೆ ಇಲ್ಲಿನ ಕೊಂಕಣಿಯಲ್ಲಿ ಚರ್ಚು. ತಪ್ಪಾಯಿತು ಅಂತ ಮಾತ್ರ ಅನ್ನಲಿಲ್ಲ. ನಾನೂ ಮರೆತಿಲ್ಲ.

ಬೇಸಿಗೆ ರಜೆಗೆ ವಿಜಯಪುರಕ್ಕೆ ಹೋದೆವು. ಮೊದಲ ಮುಂಜಾನೆಯೇ ಗೌರಿ, “ನೀರುದೋಸೆ ಉಂಟಾ?” ಎಂದಳು. ನನ್ನ ತಂಗಿ ಬಿದ್ದು ಬಿದ್ದು ನಕ್ಕಳು. “ಮಂಗಳೂರಾಕಿ ಬಂದ್ಲ ನೋಡ್ರಿ!” ನನ್ನ ಕೈ ತಾನಾಗಿ ಬಡಿಯಲು ಹಲಗೆ ಹುಡುಕಿತು.

ಗೌರಿ ತಲೆ ಎತ್ತಿಯೇ ಹೇಳಿದಳು: “ಹೌದು ಚಿಗವ್ವ, ಅಲ್ಲಿ ಘಟ್ಟದಾಕಿ, ಇಲ್ಲಿ ಮಂಗಳೂರಾಕಿ. ದೋಸೆ ಉಂಟೋ ಇಲ್ಲೋ, ಅದನ್ನ ಹೇಳು.”

ತಂಗಿ ಅಕ್ಕಿ ನೆನೆಹಾಕಲು ಎದ್ದಳು. ಎರಡೂ ಊರಲ್ಲಿ ಹಂಗಿಸಿದವರ ಮುಖ ನೆನಪಿಟ್ಟುಕೊಂಡು ಹಲ್ಲು ಕಡಿಯುತ್ತ ಕೂತವಳು ನಾನೊಬ್ಬಳೇ.