ಯಂತ್ರಕ್ಕೆ ತಲೆ ಕೊಟ್ಟವರು

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಕತ್ತರಿಯ ಹಿಡಿ ಒತ್ತಿ ಒತ್ತಿ ಗಟ್ಟಿಯಾದ ಒಂದು ಗಂಟಿದೆ. ಆದರೆ ಶಿಕಾರಿಪುರದ ಅವರ ಕಟಿಂಗ್ ಅಂಗಡಿಗೆ ಹೋದವರಿಗೆ ಮೊದಲು ಗೊತ್ತಾಗುವುದು ಎಡಗೈ. ನಾವು ಕುರ್ಚಿಯಲ್ಲಿ ಕೂತ ಕೂಡಲೇ ಆ ಅಂಗೈಯನ್ನು ನಮ್ಮ ನೆತ್ತಿಯ ಮೇಲಿಟ್ಟು, ಕಣ್ಣು ಮುಚ್ಚಿ, ಸುಳಿ ಎಲ್ಲಿದೆ, ಕೂದಲು ಯಾವ ಕಡೆ ತಿರುಗಿದೆ ಎಂದು ಹುಡುಕುತ್ತಾರೆ. ನಾಲ್ಕನೇ ಕ್ಲಾಸಿನಲ್ಲಿ ಮರದಿಂದ ಬಿದ್ದು ನನ್ನ ತಲೆಗೆ ಆದ ಗಾಯದ ಗುರುತು ನನಗೇ ಮರೆತುಹೋಗಿದೆ. ಅವರ ಬೆರಳಿಗೆ ಮರೆತಿಲ್ಲ.

ಮೂರು ವರ್ಷದ ಹಿಂದೆ ಆ ಬಲಗೈ ನಡುಗತೊಡಗಿತು. ಮಾತ್ರೆಯಿಂದ ನಡುಕ ಕಮ್ಮಿಯಾಯಿತು, ಹೋಗಲಿಲ್ಲ. “ಬರೋ ಯುಗಾದಿಗೆ ಅಂಗ್ಡಿ ಬಾಗ್ಲು ಹಾಕ್ತೀನ್ರೀ ಮೇಷ್ಟ್ರೇ,” ಎಂದರು, ಬೇರೆ ಯಾರದೋ ಅಂಗಡಿಯ ವಿಷಯ ಹೇಳುವವರ ಹಾಗೆ. ನನಗೆ ಸಂಕಟವಾಯಿತು.

ನಾನು ಪಾಲಿಟೆಕ್ನಿಕ್ ಮೇಷ್ಟ್ರು. ಅಷ್ಟರಲ್ಲಾಗಲೇ ವಿದ್ಯಾರ್ಥಿಗಳ ಜೊತೆ ಸೇರಿ ಕೂದಲು ಕತ್ತರಿಸುವ ರೋಬೋಟ್ ತೋಳೊಂದನ್ನು ಮಾಡಿದ್ದೆ. ಗೊಂಬೆಯ ತಲೆಯ ಮೇಲೆ ಅದರ ಕೆಲಸ ನೋಡಿ ನಾವೇ ಬೀಗಿದ್ದೆವು. ಅಂಗಡಿಗೆ ರಜೆಯಿದ್ದ ಒಂದು ಮಂಗಳವಾರ, ಬೈಯುತ್ತಾರೇನೋ ಎಂದು ಹೆದರುತ್ತಲೇ ಅಲ್ಲಿಗೆ ಒಯ್ದೆ. ಅವರು ಅದನ್ನು ಒಂದು ಸುತ್ತು ಹಾಕಿ ನೋಡಿ, ತಾವೇ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತುಬಿಟ್ಟರು.

“ನಿಮ್ ತಲೆ ಬ್ಯಾಡ್ರೀ,” ಎಂದೆ.

“ನಾ ಕತ್ರಿ ಕಲ್ತಿದ್ದು ನಮ್ಮಪ್ಪನ ತಲೆ ಮ್ಯಾಲೆ. ಇದಕ್ಕೂ ಯಾರಾದ್ರೂ ತಲೆ ಕೊಡ್ಬೇಕಲ್ರೀ. ಹಚ್ರಿ.”

ಹಚ್ಚಿದೆ. ಗೊಂಬೆಗೆ ಸುಳಿ ಇರುವುದಿಲ್ಲ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅವರ ಸುಳಿಯ ಒಂದು ಪಕ್ಕ ಬೋಳು, ಇನ್ನೊಂದು ಪಕ್ಕ ಪೊದೆ. ನಾನು ಕುಗ್ಗಿಹೋದೆ. ಅವರು ಕನ್ನಡಿ ನೋಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

“ಇದು ತಲೆ ಮುಟ್ದೇ ಕೂದ್ಲಿಗೆ ಕೈ ಹಾಕ್ತತಿ. ಮೊದ್ಲು ಮುಟ್ಟೋದು ಕಲಿಸ್ರಿ.”

ಆ ತಲೆಯನ್ನು ಸರಿಮಾಡಿಸಿಕೊಳ್ಳದೆ ಒಂದು ತಿಂಗಳು ಪೇಟೆಯಲ್ಲಿ ಓಡಾಡಿದರು. ಕೇಳಿದವರಿಗೆಲ್ಲ “ಕಲಿಯೋರ ಕೈ, ಹಿಂಗಾ ಇರ್ತತಿ,” ಎನ್ನುತ್ತಿದ್ದರು. ಮಂಗಳವಾರಗಳಂದು ನಮಗೆ ಪಾಠ ಮಾಡಿದರು. ಅವರ ಎಡಗೈ ಬೆರಳು ಸುಳಿ ತೋರಿಸಬೇಕು, ಯಂತ್ರದ ಕ್ಯಾಮೆರಾ ಬೆರಳನ್ನು ನೋಡಿ ಅಲ್ಲಿಂದ ಶುರುಮಾಡಬೇಕು. ಇಷ್ಟನ್ನು ಕಲಿಸಲು ನಮಗೆ ಏಳು ತಿಂಗಳು ಹಿಡಿಯಿತು.

ಯುಗಾದಿಯ ಹಿಂದಿನ ವಾರ ಅಂಜನಾಪುರದಿಂದ ಅವರ ಹಳೇ ಗಿರಾಕಿ, ಅಜ್ಜನೊಬ್ಬ ಬಂದ. ಯಂತ್ರವನ್ನು ದುರುಗುಟ್ಟಿ ನೋಡಿದ.

“ನೀ ತಲೆ ಮ್ಯಾಲೆ ಕೈ ಇಟ್ಕಂಡಿರ್ತೀಯೇನು?”

“ಇಟ್ಕಂಡಿರ್ತೀನಿ.”

“ಹಂಗಾರೆ ಹಚ್ಚು.”

ಯುಗಾದಿ ಬಂತು, ಹೋಯಿತು. ಅಂಗಡಿ ಬಾಗಿಲು ಹಾಕಲಿಲ್ಲ.

ಜನ ಅದನ್ನು ಮೇಷ್ಟ್ರ ಮಷೀನು ಎನ್ನುವಾಗ ನನಗೆ ನಾಚಿಕೆಯಾಗುತ್ತದೆ. ಕಳೆದ ಮಂಗಳವಾರ ಯಂತ್ರಕ್ಕೆ ಕಿವಿಯ ಸುತ್ತ ಕತ್ತರಿಸುವುದನ್ನು ಕಲಿಸಬೇಕಿತ್ತು. ಅವರು ಎಂದಿನಂತೆ ಬಟ್ಟೆಗೆ ಕೈ ಹಾಕಿದರು. ಅದನ್ನು ಕಿತ್ತುಕೊಂಡು ಹೊದ್ದು ಕುರ್ಚಿಯಲ್ಲಿ ನಾನೇ ಕೂತೆ.

“ನಾಳೆ ಕಾಲೇಜಿಗೆ ಹೋಗೋದಿಲ್ಲೇನ್ರೀ?”

“ಹೋಗ್ತೀನಿ. ಕಲಿಯೋರ ಕೈ ಅಂತೀನಿ.”

ನಗುತ್ತಾ ಎಡಗೈಯನ್ನು ನನ್ನ ನೆತ್ತಿಯ ಮೇಲಿಟ್ಟರು. ಬೆರಳು ಹಳೆಯ ಗಾಯದ ಗುರುತಿನ ಹತ್ತಿರ ಬಂದು ನಿಂತಿತು.

“ಇಲ್ಲಿ ಮೆತ್ತಗೆ,” ಎಂದರು, ಯಂತ್ರದ ಕಡೆ ತಿರುಗಿ.